ತಕ್ಕಡಿ ಸಾಹೇಬರ ಮುಳ್ಳು

‘ಗೊತ್ತಿಲ್ಲ’ ಅನ್ನುವ ಮಾತೊಂದು ತಕ್ಕಡಿ ಸಾಹೇಬರ ಬಾಯಿಗೆ ಬರುತ್ತಿರಲಿಲ್ಲ. ಅದೊಂದು ಬಿಟ್ಟರೆ ಮನುಷ್ಯ ಒಳ್ಳೆಯವರೇ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಹಿತ್ತಾಳೆಯ ತೂಕದ ಬಟ್ಟುಗಳು, ಸೀಸದ ಮುದ್ರೆ ಒತ್ತುವ ಇಕ್ಕಳ, ‘ಅಳತೆ ತಪ್ಪು, ಬಳಸತಕ್ಕದ್ದಲ್ಲ’ ಎಂದು ಅಚ್ಚು ಹಾಕಿದ ಕೆಂಪು ಚೀಟಿಗಳ ಕಟ್ಟು, ಇಷ್ಟನ್ನೂ ಒಂದು ಕ್ಯಾನ್ವಾಸ್ ಚೀಲದಲ್ಲಿ ತುಂಬಿಕೊಂಡು ಅವರು ಬೀದಿಗಿಳಿದರೆ ಅಂಗಡಿಯವರು ಗಡಿಬಿಡಿಯಿಂದ ತಕ್ಕಡಿಯ ತಟ್ಟೆ ಒರೆಸುತ್ತಿದ್ದರು. ಕಿಲೋದಲ್ಲಿ ಹತ್ತು ಗ್ರಾಮು ಹೆಚ್ಚುಕಮ್ಮಿಯಾದರೂ ಸಾಹೇಬರ ಕಣ್ಣು ತಪ್ಪುತ್ತಿರಲಿಲ್ಲ. ತಟ್ಟೆ ಇಳಿಯುವ ರೀತಿ ನೋಡಿಯೇ ‘ಈ ಮುಳ್ಳು ಸುಳ್ಳು ಹೇಳ್ತಿದೆ’ ಎಂದುಬಿಡುತ್ತಿದ್ದರು. ಇಂಥವರ ಸ್ವಂತ ಕಾರಿನಲ್ಲೇ ಒಂದು ಸುಳ್ಳು ಮುಳ್ಳು ನಾಲ್ಕು ತಿಂಗಳು ಆರಾಮವಾಗಿ ಕೂತಿತ್ತು ಅಂದರೆ ಯಾರ ಹತ್ತಿರ ಹೇಳಿಕೊಳ್ಳೋಣ.

ಕಾರು ಚಿಕ್ಕದು, ಹಳೆಯದು. ಅದರ ಹಿಂದಿನ ಯಜಮಾನನಿಗೆ ರೇಸಿನ ಹುಚ್ಚು. ಎಂಜಿನ್ ಬಿಚ್ಚಿ ಏನೇನೋ ಕೆತ್ತಿಸಿ, ದೊಡ್ಡ ಕಾರ್ಬುರೇಟರ್ ಕೂರಿಸಿ, ಸೈಲೆನ್ಸರ್ ಬದಲಾಯಿಸಿ, ಚಕ್ರವನ್ನೂ ಒಂದು ಅಳತೆ ಚಿಕ್ಕದು ಮಾಡಿಸಿ, ಮದುವೆ ಗೊತ್ತಾದ ಮೇಲೆ ಬುದ್ಧಿ ಬಂದು ಮಾರಿಹಾಕಿದ್ದ. ಸ್ಟಾರ್ಟ್ ಮಾಡಿದರೆ ಪಕ್ಕದ ಬೀದಿಯ ನಾಯಿಗಳು ಎದ್ದು ಕೂರುತ್ತಿದ್ದವು. ಇಷ್ಟು ಗದ್ದಲ ಮಾಡುವ ಕಾರು ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂದಾಗ ಮಾತ್ರ ಆಕಳಿಸಿಕೊಂಡು ಏಳುತ್ತಿತ್ತು. ಅಷ್ಟರಲ್ಲಿ ಮೇಲಿನ ಮನೆಯ ಟೈಲರ್ ತನ್ನ ಸ್ಕೂಟರಿನಲ್ಲಿ, ಹಿಂದೆ ಬಟ್ಟೆಯ ಗಂಟು ಕಟ್ಟಿಕೊಂಡು, ಮುಂದೆ ಹೋಗಿ ಹೊರಳಿ ನೋಡಿ ನಗುತ್ತಿದ್ದ. ದಿನಾ ಬೆಳಿಗ್ಗೆ ಒಂಬತ್ತೂಕಾಲಕ್ಕೆ ಅದೇ ಸಿಗ್ನಲ್ಲು, ಅದೇ ಟೈಲರು, ಅದೇ ನಗು. ಸರ್ಕಾರಿ ಅಧಿಕಾರಿ ಎಷ್ಟು ದಿನ ಸಹಿಸಿಕೊಳ್ಳಬೇಕು?

ಮೆಕ್ಯಾನಿಕ್ ವಿಷಯ ಬಿಡಿಸಿ ಹೇಳಿದ. ಎಂಜಿನ್ನಿಗೆ ಹುರುಪಿದೆ, ಗೇರ್‌ಬಾಕ್ಸು ಮಾತ್ರ ಹಳೇ ಲೆಕ್ಕದ್ದು. ಎಂಜಿನ್ನು ಎಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗಬೇಕು ಅನ್ನುವ ಲೆಕ್ಕ, ಅದೇ ರೇಶಿಯೋ, ಅದನ್ನು ಬದಲಾಯಿಸಬೇಕು.

“ಪಿಕಪ್ ಬೇಕೋ, ಸ್ಪೀಡ್ ಬೇಕೋ ಹೇಳಿ ಸಾರ್. ಎರಡೂ ಒಟ್ಟಿಗೆ ಬರಲ್ಲ. ಪಿಕಪ್ ಕೊಟ್ರೆ ಬೇಗ ಏಳತ್ತೆ, ಆದ್ರೆ ಓಟ ಕಮ್ಮಿಯಾಗತ್ತೆ.”

ಸಾಹೇಬರ ಕಣ್ಣ ಮುಂದೆ ಟೈಲರನ ನಗು ಬಂತು. ಪಿಕಪ್ಪೇ ಇರಲಿ ಅಂದರು. ಮೆಕ್ಯಾನಿಕ್ ಹಳೆಯ ಹಲ್ಲಿನ ಚಕ್ರ ತೆಗೆದು ಹೊಸದನ್ನು ಕೂರಿಸಿದ. ಎಣ್ಣೆಗೈ ಒರೆಸಿಕೊಳ್ಳುತ್ತಾ ಇನ್ನೊಂದು ಮಾತು ಹೇಳಿದ: ಸ್ಪೀಡೋಮೀಟರಿಗೆ ಹೋಗುವ ಪುಟ್ಟ ಗೇರನ್ನೂ ಇದಕ್ಕೆ ಹೊಂದುವ ಹಾಗೆ ಬದಲಾಯಿಸಬೇಕು, ಅದು ಬರಲು ಹದಿನೈದು ದಿನ ಹಿಡಿಯುತ್ತದೆ, ಅಲ್ಲಿಯವರೆಗೂ ಮುಳ್ಳು ಇರುವುದಕ್ಕಿಂತ ಬಹಳ ಜಾಸ್ತಿ ತೋರಿಸುತ್ತದೆ, ನಂಬಬೇಡಿ. ಸಾಹೇಬರಿಗೆ ಇದರಲ್ಲಿ ಅರ್ಧವೂ ಅರ್ಥವಾಗಲಿಲ್ಲ. ಗಮನವೆಲ್ಲ ಗೇರಿನ ಗುಂಡಿಯ ಮೇಲಿತ್ತು.

“ಗೊತ್ತು ಬಿಡಪ್ಪ. ಅಳತೆ ಅನ್ನೋದು ನಮ್ಮ ಇಲಾಖೆಯದೇ ಕೆಲಸ” ಎಂದು ಹೊರಟುಬಿಟ್ಟರು.

ಮಾರನೆಯ ದಿನ ಒಂಬತ್ತೂಕಾಲಕ್ಕೆ ಹಸಿರು ದೀಪ ಬಂದದ್ದೇ ತಡ, ಕಾರು ಮುಂದಕ್ಕೆ ಹಾರಿತು. ಟೈಲರ್ ಸ್ಕೂಟರಿನ ಮೇಲೆ ಬಾಯಿ ತೆರೆದುಕೊಂಡು ಹಿಂದೆಯೇ ಉಳಿದ. ಬೀದಿಯ ಕೊನೆ ಮುಟ್ಟುವುದರೊಳಗೆ ಮುಳ್ಳು ಎಂಬತ್ತಕ್ಕೆ ಹೋಗಿತ್ತು. ಆ ಪುಟ್ಟ ಬೀದಿಯಲ್ಲಿ ಎಂಬತ್ತು! ಸಂಜೆ ಟೈಲರ್ ತಾನೇ ಕೆಳಗಿಳಿದು ಬಂದು ಕಾರಿನೊಳಗೆ ಇಣುಕಿ, ಮೀಟರನ್ನು ಬೆರಳಿಂದ ಮುಟ್ಟಿ, ಇನ್ನು ನಿಮ್ಮ ಸಹವಾಸ ಬೇಡ ಸಾರ್ ಎಂದು ಶರಣಾದ. ಮೆಕ್ಯಾನಿಕ್ ಹೇಳಿದ ಹದಿನೈದು ದಿನ ಕಳೆಯಿತು, ನಾಲ್ಕು ತಿಂಗಳೂ ಕಳೆಯಿತು. ಹುಲುಸಾಗಿ ತೋರಿಸುವ ಮುಳ್ಳನ್ನು ಯಾರು ತಾನೇ ರಿಪೇರಿಗೆ ಬಿಡುತ್ತಾರೆ?

ಆ ಮನೆಯಲ್ಲಿ ಮಾತ್ರ ಒಬ್ಬರು ಈ ಪಿಕಪ್ಪಿಗೆ ಸೊಪ್ಪು ಹಾಕಿರಲಿಲ್ಲ. ಅವರೇ ಸಾಹೇಬರ ಮಾವ. ಮೂವತ್ತೊಂದು ವರ್ಷ ಎಕ್ಸ್‌ಪ್ರೆಸ್ ಬಸ್ಸು ಓಡಿಸಿದವರು. ಒಂದು ದಿನವೂ ವೇಳೆ ತಪ್ಪಿಸಿದವರಲ್ಲ, ಒಂದು ಸಲವೂ ಯಾರಿಗೂ ತಾಗಿಸಿದವರಲ್ಲ. ಕ್ಲಚ್ಚು ತುಳಿದು ತುಳಿದು ಎಡಮಂಡಿ ಸವೆದುಹೋಗಿ, ಹೆಂಡತಿ ಹೋದ ಮೇಲೆ ಮಗಳ ಮನೆಗೆ ಬಂದು ಕೂತಿದ್ದರು. ತಾವು ಓಡಿಸಲಾಗದಿದ್ದರೂ ಪಕ್ಕದಲ್ಲಿ ಕೂತು ಓಡಿಸುತ್ತಿದ್ದರು: “ಎರಡನೇ ಗೇರು… ಈಗ ಕ್ಲಚ್ಚು… ಅಯ್ಯೋ, ಬ್ರೇಕು ಅಷ್ಟು ಒತ್ತಬಾರದು ಅಳಿಯಂದ್ರೇ.” ಒಂದು ದಿನ ಅಳಿಯಂದಿರಿಗೆ ತಡೆಯಲಾಗಲಿಲ್ಲ. ನಾಲ್ಕು ರಸ್ತೆ ಕೂಡುವ ಜಾಗದ ನಟ್ಟನಡುವೆ ಕಾರು ನಿಲ್ಲಿಸಿ, ಕೀಲಿಯನ್ನು ಮಾವನ ಮಡಿಲಿಗೆ ಎಸೆದು, ಇಳಿದು ಮನೆಗೆ ನಡೆದುಬಿಟ್ಟರು. ಹಿಂದಿನಿಂದ ಹಾರನ್ನುಗಳ ಆರ್ಭಟ. ಕೊನೆಗೆ ತರಕಾರಿ ಗಾಡಿಯವರಿಬ್ಬರು ಕಾರನ್ನು, ಅದರೊಳಗಿದ್ದ ಮಾವನ ಸಮೇತ, ಬದಿಗೆ ತಳ್ಳಬೇಕಾಯಿತು.

ಅಂದು ಸಾಹೇಬರ ಹೆಂಡತಿ ಅತ್ತಳು. ಶಾಲೆಯಲ್ಲಿ ನಲವತ್ತು ಮಕ್ಕಳನ್ನು ಒಂದು ಕಣ್ಣೋಟದಲ್ಲಿ ಸುಮ್ಮನಾಗಿಸುವ ಟೀಚರು, ಮನೆಯ ಇಬ್ಬರು ಗಂಡಸರನ್ನು ಸುಮ್ಮನಾಗಿಸಲಾರದೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಅಪ್ಪನ ಮುಂದೆ ಕೈ ಚಾಚಿದಳು. ಕಾರಿನೊಳಗೆ ಕೂತ ಮೇಲೆ ಓಡಿಸುವ ವಿಚಾರದಲ್ಲಿ ತುಟಿ ಬಿಚ್ಚುವುದಿಲ್ಲ ಎಂದು ಕೈಮೇಲೆ ಕೈಯಿಟ್ಟು ಹೇಳು ಅಂದಳು. ಮಾವ ಕೈಯಿಟ್ಟರು.

“ಮಾತು ಕೊಟ್ಟೆ ಅಂದ್ರೆ ಕೊಟ್ಟೆ ಕಣಮ್ಮ” ಅಂದರು. ಅಂದಿನಿಂದ ಕಾರಿನಲ್ಲಿ ಅವರು ಸೀಟಿನ ಮೇಲಿಟ್ಟ ಚೀಲದಷ್ಟೇ ಮಾತಾಡುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಎಂಟೂಕಾಲಕ್ಕೆ ಫೋನು ಬಂತು. ಮಾವನ ಅಕ್ಕನ ಮಗ, ಔಷಧಿ ಅಂಗಡಿ ಇಟ್ಟವನು, ತೊಂಬತ್ತೆರಡು ಕಿಲೋಮೀಟರು ದೂರದ ಊರಿಂದ ಮಾತಾಡಿದ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಡಾಕ್ಟರು ಕೈಚೆಲ್ಲಿದ್ದಾರೆ, ಪ್ರಜ್ಞೆ ಇನ್ನೂ ಇದೆ, ಅರ್ಧ ಗಂಟೆಗೊಮ್ಮೆ ‘ತಮ್ಮ ಬಂದನಾ’ ಎಂದು ಕೇಳುತ್ತಿದ್ದಾಳೆ, ಬರುವುದಾದರೆ ಈಗಲೇ ಬನ್ನಿ. ತಾಯಿಯಿಲ್ಲದ ಮಾವನನ್ನು ಸೊಂಟದ ಮೇಲೆ ಎತ್ತಿಕೊಂಡು ಬೆಳೆಸಿದವಳು ಆ ಅಕ್ಕ. ಮಾವ ಫೋನಿಟ್ಟು ಎರಡು ನಿಮಿಷದಲ್ಲಿ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಎಂಟು ಮೂವತ್ತೈದರ ಎಕ್ಸ್‌ಪ್ರೆಸ್ ಹಿಡಿದರೆ ಒಂಬತ್ತು ಐವತ್ತೈದಕ್ಕೆ ಅಲ್ಲಿರುತ್ತೇನೆ, ಬಸ್‌ಸ್ಟ್ಯಾಂಡಿನ ಎದುರಿಗೇ ಆಸ್ಪತ್ರೆ ಅಂದರು. ತಾವೇ ಹನ್ನೊಂದು ವರ್ಷ ಓಡಿಸಿದ ರೂಟು ಅದು.

“ಬಸ್ಸಾ?” ಅಂದರು ತಕ್ಕಡಿ ಸಾಹೇಬರು, ಆಗಲೇ ಕೀಲಿ ಕೈಯಲ್ಲಿತ್ತು. “ನನ್ನ ಕಾರಿದ್ದೂ ಬಸ್ಸಾ ಮಾವ? ನೂರರಲ್ಲಿ ಹೋದ್ರೆ ಐವತ್ತೈದು ನಿಮಿಷ. ಒಂಬತ್ತೂವರೆಗೆ ನಿಮ್ಮನ್ನ ಅಕ್ಕನ ಮಂಚದ ಪಕ್ಕ ಕೂರಿಸದೇ ಇದ್ರೆ ಕೇಳಿ.”

ಸಾಹೇಬರ ಮನಸ್ಸಿನಲ್ಲಿ ಕಲ್ಮಶವಿರಲಿಲ್ಲ, ಅದನ್ನು ಹೇಳಲೇಬೇಕು. ಮಾವನಿಗೆ ಒಂದು ಉಪಕಾರ ಮಾಡಬೇಕು, ಆ ಮೂವತ್ತೊಂದು ವರ್ಷದ ಡ್ರೈವರನ ಬಾಯಿಂದ ಒಂದು ‘ಭೇಷ್’ ಅನ್ನಿಸಿಕೊಳ್ಳಬೇಕು, ಅಷ್ಟೇ. ಮಾವ ಬಾಗಿಲಲ್ಲೇ ಅನುಮಾನಿಸಿದರು. ಆಗ ಮಗಳು ಹಿಂದಿನಿಂದ ಬಂದು ಬೆನ್ನ ಮೇಲೆ ಕೈಯಿಟ್ಟಳು. ತನಗೆ ಪರೀಕ್ಷೆಯ ಡ್ಯೂಟಿ, ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ ಅಂದಳು.

“ಕಾರಲ್ಲೇ ಹೋಗಪ್ಪ. ಇಪ್ಪತ್ತು ನಿಮಿಷ ಮುಂಚೆ ನೋಡ್ತೀಯ. ಮಾತು ನೆನಪಿದೆ ತಾನೇ?”

ಮಾವ ತಲೆಯಾಡಿಸಿ ಕಾರು ಹತ್ತಿದರು.

ಎಂಟೂವರೆಗೆ ಹೊರಟರು. ಊರು ದಾಟಿ ಹೆದ್ದಾರಿ ಸಿಕ್ಕಿದ ಮೇಲೆ ಸಾಹೇಬರು ಪೆಡಲ್ ಒತ್ತಿದರು. ಎಂಜಿನ್ನು ಕೂಗಿತು, ಕಿಟಕಿಯ ಗಾಜು ನಡುಗಿತು, ಮುಳ್ಳು ನೂರಕ್ಕೆ ಹೋಗಿ ಅಲ್ಲೇ ನಿಂತಿತು. ಅದಕ್ಕಿಂತ ಮೇಲೆ ಹೋಗಲು ಆ ಗೇರ್‌ಬಾಕ್ಸಿನಲ್ಲಿ ದಾರಿಯೇ ಇರಲಿಲ್ಲ. ನೂರು ಸಾಕು ಎಂದುಕೊಂಡರು ಸಾಹೇಬರು. ವಯಸ್ಸಾದವರು ಪಕ್ಕದಲ್ಲಿದ್ದಾರೆ, ಹೆದರಿಸಬಾರದು.

ಮಾವ ಹೊರಗೆ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಗಟ್ಟಿಯಾಗಿ, “ಎಂಬತ್ತೊಂದು” ಅಂದರು.

ಸಾಹೇಬರು ತಿರುಗಿ ನೋಡಿದರು. ಮಾವ ಕೈಗಡಿಯಾರ ನೋಡುತ್ತಿದ್ದರು. ಎಂಬತ್ತೊಂದು ಎಂದು ಬರೆದ ಕಿಲೋಮೀಟರಿನ ಕಲ್ಲು ಹಿಂದೆ ಸರಿದು ಹೋಗಿತ್ತು. ಸ್ವಲ್ಪ ಹೊತ್ತಾದ ಮೇಲೆ, “ಎಂಬತ್ತು.” ಮತ್ತೆ ಗಡಿಯಾರ. ಸ್ವಲ್ಪ ಹೊತ್ತಾದ ಮೇಲೆ, “ಎಪ್ಪತ್ತೊಂಬತ್ತು,” ಈ ಸಲ ಇನ್ನೂ ಗಟ್ಟಿಯಾಗಿ, ಅಳಿಯನ ಮುಖವನ್ನೇ ನೋಡುತ್ತಾ. ಕಲ್ಲು ಓದುವುದು ಡ್ರೈವಿಂಗ್ ವಿಚಾರವಲ್ಲ, ಅದು ಕೊಟ್ಟ ಮಾತಿನ ಹೊರಗಿನದು. ಮುದುಕ ಪಾಪ ಮಾತಿನ ಬೇಲಿಯಾಚೆ ನಿಂತು ಎಷ್ಟು ಕೂಗಬಹುದೋ ಅಷ್ಟು ಕೂಗುತ್ತಿದ್ದ. ಸಾಹೇಬರಿಗೆ ಮಾತ್ರ ಕರುಳು ಚುರುಕ್ಕೆಂದಿತು. ಅಕ್ಕನ ಸುದ್ದಿ ಕೇಳಿ ಮಾವನಿಗೆ ಬುದ್ಧಿ ಸ್ಥಿಮಿತ ತಪ್ಪಿದೆ ಎಂದುಕೊಂಡು, ಏನೂ ಆಗಲ್ಲ ಮಾವ, ಸುಮ್ಮನೆ ಒರಗಿಕೊಳ್ಳಿ ಎಂದು ಸಮಾಧಾನ ಹೇಳಿದರು.

ಐವತ್ತನೆಯ ಕಲ್ಲಿನ ಹತ್ತಿರ ಹಿಂದಿನಿಂದ ಹಾರನ್ನು ಕೇಳಿತು. ಎಂಟು ಮೂವತ್ತೈದರ ಎಕ್ಸ್‌ಪ್ರೆಸ್ ಬಸ್ಸು ಅವರನ್ನು ದಾಟಿ ಮುಂದೆ ಹೋಯಿತು. ಅದರ ಡ್ರೈವರು ಮಾವನ ಕೈಕೆಳಗೆ ಕೆಲಸ ಕಲಿತವನು. ಗುರುಗಳ ಗುರುತು ಹಿಡಿದು ಎರಡು ಸಲ ಹಾರನ್ನು ಬಾರಿಸಿ ಕೈಯೆತ್ತಿದ. ಮಾವನೂ ಕೈಯೆತ್ತಿದರು. ಆ ಕೈ ಬಹಳ ಹೊತ್ತು ಎತ್ತಿದಂತೇ ಇತ್ತು.

“ನೋಡಿದ್ರಾ ಮಾವ,” ಅಂದರು ಸಾಹೇಬರು ಮುಖ ಸಿಂಡರಿಸಿ, “ನಾವೇ ನೂರರಲ್ಲಿದ್ದೀವಿ. ಅವನು ನೂರಿಪ್ಪತ್ತರಲ್ಲಿದ್ದಾನೆ. ಜನರ ಪ್ರಾಣಕ್ಕೆ ಬೆಲೆಯೇ ಇಲ್ಲ ಇವರಿಗೆ.”

ಮಾವ ಬಾಯಿ ತೆರೆದರು. ಮುಚ್ಚಿಕೊಂಡರು. “ನಲವತ್ತೊಂಬತ್ತು” ಅಂದರು.

ಮುಂದೆ ಹನ್ನೆರಡು ಕಿಲೋಮೀಟರಿಗೆ ಒಬ್ಬ ಪೊಲೀಸಿನವನು ಮರದ ಕೆಳಗೆ ವೇಗ ಹಿಡಿಯುವ ಯಂತ್ರ ಇಟ್ಟುಕೊಂಡು ನಿಂತಿದ್ದ. ಹಿಂದೆ ಬರುತ್ತಿದ್ದ ಒಂದು ಲಾರಿಗೆ ಅವನು ಕೈಯಡ್ಡ ಮಾಡಿದ. ಸಾಹೇಬರು ತಮಗೇ ಎಂದುಕೊಂಡು ಗಕ್ಕನೆ ನಿಲ್ಲಿಸಿ, ಇಳಿದು, ಓಡಿಹೋಗಿ ತಪ್ಪೊಪ್ಪಿಕೊಂಡರು. ಎಂಬತ್ತರ ಮಿತಿಯ ರಸ್ತೆಯಲ್ಲಿ ನೂರರಲ್ಲಿ ಬಂದಿದ್ದೇನೆ, ಸಾವಿನ ಅವಸರ, ದಂಡ ಬರೆದುಬಿಡಿ, ಹೋಗಬೇಕು. ಪೊಲೀಸಿನವನು ಯಂತ್ರ ನೋಡಿ, ಕಾರು ನೋಡಿ, ಸಾಹೇಬರನ್ನು ನೋಡಿದ.

“ನಿಮಗಲ್ಲ ಸಾರ್ ಕೈ ಮಾಡಿದ್ದು. ನೀವು ಅರವತ್ತಾರರಲ್ಲಿ ಬಂದಿದ್ದೀರಿ. ಹೋಗಿ.”

ಅಲ್ಲಿಗೆ ಹೋಗಿಬಿಡಬಹುದಿತ್ತು. ಯಾರಾದರೂ ಹೋಗುತ್ತಿದ್ದರು. ಆದರೆ ಮೂವತ್ತು ಕಿಲೋಮೀಟರಿಗಿಂತ ಹೆಚ್ಚು ತಪ್ಪು ತೋರಿಸುವ ಒಂದು ಅಳತೆಯ ಯಂತ್ರ ಸಾರ್ವಜನಿಕ ಸ್ಥಳದಲ್ಲಿ ಕಣ್ಣೆದುರಿಗಿದ್ದಾಗ ಇಲಾಖೆಯ ಇನ್ಸ್‌ಪೆಕ್ಟರು ಹೇಗೆ ಹೋದಾರು? ಸಾಹೇಬರು ಗುರುತಿನ ಕಾರ್ಡು ತೆಗೆದರು. ಈ ಯಂತ್ರಕ್ಕೆ ಕೊನೆಯ ಮುದ್ರೆ ಯಾವಾಗ ಬಿತ್ತು ಎಂದು ಕೇಳಿದರು. ಪೊಲೀಸಿನವನಿಗೆ ಗೊತ್ತಿರಲಿಲ್ಲ. ಯಂತ್ರವನ್ನು ತಿರುಗಿಸಿ, ಮಗುಚಿ, ತಳದಲ್ಲಿದ್ದ ಸೀಸದ ಮುದ್ರೆಯನ್ನು ಉಗುರಿನಿಂದ ಕೆರೆದು ತಾರೀಖು ಓದಿದರು. ಮುದ್ರೆ ಸರಿಯಿತ್ತು. ಸರಿಯಿದ್ದದ್ದೇ ಇನ್ನೂ ಅನುಮಾನಕ್ಕೆ ಕಾರಣವಾಯಿತು. ನಂಬರು ಬರೆದುಕೊಂಡರು, ಪೊಲೀಸಿನವನ ಸಹಿ ಕೇಳಿದರು, ಅವನು ಮೇಲಿನವರಿಗೆ ಫೋನು ಮಾಡಿದ, ಮೇಲಿನವರು ಇವರ ಮೇಲಿನವರು ಯಾರೆಂದು ಕೇಳಿದರು. ಕಾರಿನೊಳಗಿಂದ ಮಾವ ಹಾರನ್ನು ಒತ್ತಿದರು. ಒಂದು ಸಲ, ಉದ್ದವಾಗಿ. ಆಮೇಲೆ ಒತ್ತಿದ ಕೈ ತೆಗೆಯಲೇ ಇಲ್ಲ. ಸಾಹೇಬರು ಬಂದು ಕೂತಾಗ ಹನ್ನೆರಡು ನಿಮಿಷವಾಗಿತ್ತು.

“ಸರ್ಕಾರದ ಕೆಲಸ ಮಾವ, ಬಿಡೋಕಾಗಲ್ಲ. ಈಗ ಟೈಮು ಮೇಕಪ್ ಮಾಡ್ಬಿಡ್ತೀನಿ” ಎಂದು ಪೆಡಲ್ ಒತ್ತಿದರು. ಮುಳ್ಳು ನೂರಕ್ಕೆ ಹೋಗಿ ನಿಂತಿತು.

ಆಸ್ಪತ್ರೆ ಮುಟ್ಟಿದಾಗ ಹತ್ತು ಗಂಟೆ ಹದಿಮೂರು ನಿಮಿಷ. ಅಕ್ಕ ಹೋಗಿ ಎಂಟು ನಿಮಿಷವಾಗಿತ್ತು.

ವಾರ್ಡಿನ ಹೊರಗಿನ ಬೆಂಚುಗಳ ಮೇಲೆ ನೆಂಟರಿದ್ದರು. ಮಾವ ಒಳಗೆ ಹೋಗಿ, ಅಕ್ಕನ ಕಾಲ ಬಳಿ ಸ್ವಲ್ಪ ಹೊತ್ತು ನಿಂತು, ಹೊರಗೆ ಬಂದು ಗೋಡೆಗೆ ಒರಗಿದರು. ಔಷಧಿ ಅಂಗಡಿಯ ಅಕ್ಕನ ಮಗ ಕಣ್ಣು ಕೆಂಪು ಮಾಡಿಕೊಂಡಿದ್ದ. ಮಾಮ ಬಸ್ಸಿಗೇ ಬರುವವರು ಎಂದು ನಾನು ಬಸ್‌ಸ್ಟ್ಯಾಂಡಿನಲ್ಲಿ ಕಾದಿದ್ದೆ, ಬಸ್ಸು ಒಂಬತ್ತು ಐವತ್ತೈದಕ್ಕೆ ಬಂತು, ಮಾಮ ಇಳಿಯಲಿಲ್ಲ, ಡ್ರೈವರನ್ನು ಕೇಳಿದೆ, ಗುರುಗಳು ಹಿಂದೆಯೇ ಕಾರಿನಲ್ಲಿ ಬರುತ್ತಿದ್ದಾರೆ ಅಂದ. ಓಡಿಬಂದು ಅಮ್ಮನಿಗೆ ಹೇಳಿದೆ. ತಮ್ಮ ಹಿಂದೆಯೇ ಇದ್ದಾನೆ ಎಂದು ಕೇಳಿ ಅಮ್ಮ ಬಾಗಿಲ ಕಡೆಗೇ ನೋಡುತ್ತಾ ಇದ್ದಳು. ಇಷ್ಟನ್ನು ಹೇಳಿ ಅವನು ಸಾಹೇಬರ ಕಡೆ ತಿರುಗಿದ.

“ಡ್ರೈವರು ಇನ್ನೊಂದು ಮಾತು ಹೇಳಿದ ಭಾವ. ಕಾರು ಬಹಳ ನಿಧಾನಕ್ಕೆ ಬರ್ತಿತ್ತು ಅಂತ.”

ಬೆಂಚಿನ ಮೇಲಿದ್ದವರೆಲ್ಲ ಸಾಹೇಬರನ್ನು ನೋಡಿದರು. ಸಾವಿನ ಮನೆ, ದನಿ ತಗ್ಗಿಸಬೇಕು ಅನ್ನುವುದೂ ಸಾಹೇಬರಿಗೆ ಮರೆತುಹೋಯಿತು.

“ನಿಧಾನಾನಾ? ನೂರು! ನೂರರ ಕೆಳಗೆ ಮುಳ್ಳು ಇಳಿದಿಲ್ಲ. ಬೇಕಾದ್ರೆ ಮಾವನ್ನೇ ಕೇಳಿ. ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗತ್ತೆ?”

ಎಲ್ಲರೂ ಮಾವನ ಕಡೆ ತಿರುಗಿದರು. ಈಗ ಅವರು ಕಾರಿನೊಳಗಿರಲಿಲ್ಲ. ಕೊಟ್ಟ ಮಾತು ಕಾರಿನೊಳಗಿನದು. ಇಲ್ಲಿ, ಈ ಕಾರಿಡಾರಿನಲ್ಲಿ, ಅವರು ಏನು ಬೇಕಾದರೂ ಹೇಳಬಹುದಿತ್ತು. ಹೇಳಿದ್ದರೆ ಸಾಹೇಬರು ಆ ನೆಂಟರ ನಡುವೆ ಮತ್ತೆ ತಲೆಯೆತ್ತುವ ಹಾಗಿರಲಿಲ್ಲ. ಮಾವ ಅಳಿಯನ ಮುಖವನ್ನು ಬಹಳ ಹೊತ್ತು ನೋಡಿದರು.

“ಹೌದು. ಮುಳ್ಳು ನೂರರಲ್ಲೇ ಇತ್ತು” ಅಂದರು.

ಇಷ್ಟು ದೊಡ್ಡ ಡ್ರೈವರೇ ಹೇಳಿದ ಮೇಲೆ ಇನ್ನೇನು. ಹಣೆಬರಹ ಎಂದರು ನೆಂಟರು. ಯಾರೋ ಸಾಹೇಬರಿಗೆ ಕುಡಿಯಲು ನೀರು ತಂದುಕೊಟ್ಟರು.

ಮಧ್ಯಾಹ್ನ ಹೆಂಡತಿ ಬಂದಳು. ಆಗಬೇಕಾದದ್ದೆಲ್ಲ ಆಯಿತು. ಮಾರನೆಯ ದಿನ ಊಟವಾದ ಮೇಲೆ ಮೂವರೂ ಅದೇ ಕಾರಿನಲ್ಲಿ ಹೊರಟರು. ಅತ್ತು ಸುಸ್ತಾಗಿದ್ದ ಹೆಂಡತಿ ಹಿಂದಿನ ಸೀಟಿನಲ್ಲಿ ಸೆರಗು ಮುಖಕ್ಕೆಳೆದುಕೊಂಡು ನಿದ್ದೆಹೋದಳು. ಮುಳ್ಳು ನೂರಕ್ಕೆ ಬಂತು. ಸಾಹೇಬರು ಮಾವ ಕಲ್ಲು ಓದುವುದಕ್ಕಾಗಿ ಕಾದರು. ಮಾವ ಓದಲಿಲ್ಲ. ಹಿಂದಿನ ದಿನ ಬರುವಾಗ ಒಂದನ್ನೂ ಬಿಡದೆ ಓದಿದ್ದವರು ಈಗ ಮಡಿಲಲ್ಲಿ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಆ ಮೌನ ತಡೆಯಲಾಗದೆ ಸಾಹೇಬರೇ ಕಲ್ಲುಗಳನ್ನು ನೋಡತೊಡಗಿದರು. ನೋಡಿದ ಮೇಲೆ ಗಡಿಯಾರವನ್ನೂ ನೋಡಿದರು. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಐವತ್ತೈದು ಸೆಕೆಂಡು.

ನೂರರಲ್ಲಿ ಹೋದರೆ ಮೂವತ್ತಾರು ಸೆಕೆಂಡಾಗಬೇಕು. ಅಷ್ಟು ಲೆಕ್ಕ ಅವರಿಗೆ ನಿದ್ದೆಯಲ್ಲೂ ಬರುತ್ತದೆ. ಯಾವ ಅಳತೆಯನ್ನೂ ಮೂರು ಸಲ ಪರೀಕ್ಷಿಸಬೇಕು ಅನ್ನುವುದು ಇಲಾಖೆಯ ನಿಯಮ. ಐವತ್ತೈದು. ಐವತ್ತೈದು. ಮೂರನೆಯದಕ್ಕೆ ಮೆಕ್ಯಾನಿಕ್ಕಿನ ಎಣ್ಣೆಗೈ ನೆನಪಿಗೆ ಬಂತು, ಆ ಕೈಯ ಹಿಂದೆಯೇ ಅವನ ಮಾತೂ. ಸಾಹೇಬರು ಕಾರನ್ನು ರಸ್ತೆಯ ಪಕ್ಕಕ್ಕೆ ತೆಗೆದು ನಿಲ್ಲಿಸಿದರು.

“ಮಾವ,” ಪಿಸುಗುಟ್ಟಿದರು, “ನಿಮಗೆ ಗೊತ್ತಿತ್ತಾ?”

ಮಾವ ಮೊದಲು ಹಿಂದೆ ತಿರುಗಿ ಮಗಳು ಮಲಗಿರುವುದನ್ನು ನೋಡಿಕೊಂಡರು.

“ಎರಡನೇ ಕಲ್ಲಿಗೇ ಗೊತ್ತಾಯ್ತು. ಮಾತು ಕೊಟ್ಟಿದ್ದೆನಲ್ಲ ಅಳಿಯಂದ್ರೇ.” ಇನ್ನೂ ಮೆಲ್ಲಗೆ ಹೇಳಿದರು, “ಅವಳಿಗೆ ಇದು ಗೊತ್ತಾಗೋದು ಬೇಡ.”

ಕಾರು ನಿಂತದ್ದಕ್ಕೆ ಅವಳಿಗೆ ಎಚ್ಚರವಾಯಿತು. ಯಾಕೆ ನಿಲ್ಲಿಸಿದ್ದು ಎಂದು ಕೇಳಿದಳು. ಸಾಹೇಬರು, ಜೀವಮಾನದಲ್ಲಿ ಮೊದಲ ಸಲ, ತಮಗೆ ಗೊತ್ತಿರಲಿಲ್ಲ ಅಂದರು. ಮುಳ್ಳು ಸುಳ್ಳು, ನಿನ್ನೆ ಬಂದದ್ದು ಅರವತ್ತೈದರಲ್ಲಿ, ಗೇರ್‌ಬಾಕ್ಸು ಬದಲಾಯಿಸದೇ ಇದ್ದಿದ್ದರೆ, ಬಸ್ಸಿಗೆ ಹೋಗಿದ್ದರೆ, ಎಲ್ಲ ಹೇಳಿದರು. ಅವಳು ಗಂಡನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಾಗುತ್ತಿತ್ತು. ಅಪ್ಪನ ಕಡೆ ಬಗ್ಗಿ ಕೇಳಿದಳು.

“ಅಪ್ಪ, ಮೂವತ್ತೊಂದು ವರ್ಷ ಓಡಿಸಿದೋನು ನೀನು. ನಿಂಗೂ ಗೊತ್ತಾಗ್ಲಿಲ್ವಾ?”

“ವಯಸ್ಸಾಯ್ತಲ್ಲಮ್ಮ,” ಅಂದರು ಮಾವ. “ಕಣ್ಣು ಕಿವಿ ಮೊದಲಿನ ಹಾಗಿಲ್ಲ. ನಾನೂ ಆ ಮುಳ್ಳನ್ನೇ ನೋಡ್ಕೊಂಡು ಕೂತುಬಿಟ್ಟೆ.”

ಸಾಹೇಬರು ಕ್ಯಾನ್ವಾಸ್ ಚೀಲದಿಂದ ಒಂದು ಕೆಂಪು ಚೀಟಿ ಹರಿದು, ಹಿಂಬದಿಗೆ ಗೋಂದು ಸವರಿ, ಮೀಟರಿನ ಗಾಜಿನ ಮೇಲೆ ನೇರವಾಗಿ ಅಂಟಿಸಿ, ಕೆಳಗೆ ಸಹಿ ಹಾಕಿ ತಾರೀಖು ಬರೆದರು. ಅಳತೆ ತಪ್ಪು, ಬಳಸತಕ್ಕದ್ದಲ್ಲ. ಆಮೇಲೆ ಕಾರು ಹೊರಡಿಸಿದರು.

ಸಾಹೇಬರ ಎದೆ ಮಾವನ ಮೇಲಿನ ಮರುಕದಿಂದ ತುಂಬಿಹೋಗಿತ್ತು. ಅಂಥ ಮನುಷ್ಯ ತನ್ನ ಬಾಯಿಂದಲೇ ತನ್ನ ವಿದ್ಯೆಯನ್ನು ಕೆಳಗಿಳಿಸಿಕೊಂಡನಲ್ಲ ಎಂದು ಸಂಕಟವಾಗುತ್ತಿತ್ತು. ಅವರಿಗೆ ಏನಾದರೂ ಒಂದು ಮರ್ಯಾದೆ ಸಲ್ಲಿಸಬೇಕು, ಇನ್ನು ಮೇಲೆ ನೀವು ಹೇಳಿದ ಹಾಗೆ ಓಡಿಸುತ್ತೇನೆ ಎಂದು ತೋರಿಸಬೇಕು ಅನ್ನಿಸಿತು. ಒಳ್ಳೆಯ ಯೋಚನೆಗಳು ಅವರ ತಲೆಗೆ ಯಾವಾಗಲೂ ಹೀಗೆಯೇ ಬರುತ್ತಿದ್ದವು.

“ಮಾವ, ಈಗ ಎಷ್ಟರಲ್ಲಿ ಹೋಗ್ತಿರಬಹುದು?”

ಮಾವ ಕಣ್ಣು ಮುಚ್ಚಿಕೊಂಡಿದ್ದರು. ಗಡಿಯಾರ ನೋಡಲಿಲ್ಲ, ಕಲ್ಲು ನೋಡಲಿಲ್ಲ. ಎಂಜಿನ್ನಿನ ಸದ್ದಿಗೆ ತುಸು ತಲೆ ವಾಲಿಸಿ, ಮೂವತ್ತೊಂದು ವರ್ಷದ ಅಭ್ಯಾಸದಲ್ಲಿ, “ಐವತ್ತೆಂಟು” ಅಂದುಬಿಟ್ಟರು.

ಕನ್ನಡಿಯಲ್ಲಿ ಸಾಹೇಬರಿಗೆ ಹೆಂಡತಿ ಸೀಟಿನಿಂದ ಬೆನ್ನು ಎತ್ತಿ ಕೂತದ್ದು ಕಾಣಿಸಿತು. ಅವಳು ಅಪ್ಪನ ಮುಚ್ಚಿದ ಕಣ್ಣನ್ನು ನೋಡುತ್ತಿದ್ದಳು, ಆಮೇಲೆ ತನ್ನ ಅಂಗೈ ನೋಡಿಕೊಂಡಳು.

“ಅಪ್ಪ,” ಅಂದಳು, “ನಾನು ಮಾತು ತಗೊಂಡಿದ್ದೆ ಅಂತಲಾ?”

ಮಾವ ಕಣ್ಣು ತೆರೆದರು. ಕಿಟಕಿಯ ಕಡೆ ತಿರುಗಿ, ಹಿಂದೆ ಸರಿಯುತ್ತಿದ್ದ ಕಲ್ಲನ್ನು ನೋಡಿ, “ಮೂವತ್ತೆರಡು” ಅಂದರು.